ಮುದ್ದೆ ತಿರುವುವ ಕೋಲು

ಜುಲೈ 8, 2024, ಸೋಮವಾರ

ಇಂದಿನಿಂದ ನಾನು ವಾರ್ಡನ್. ಹದಿನಾಲ್ಕು ವರ್ಷದ ಹಿಂದೆ ಇದೇ ಹಾಸ್ಟೆಲ್ಲಿನ ಹನ್ನೊಂದನೇ ಕೋಣೆಯಲ್ಲಿ ನೆಲಕ್ಕೆ ಚಾಪೆ ಹಾಸಿ ಮಲಗುತ್ತಿದ್ದ ಸವಳಂಗದ ಕೆಂಚೇಶ, ಈಗ ಬಾಗಿಲಿಗೆ ಹೆಸರಿನ ಹಲಗೆ ಹಾಕಿಸಿಕೊಂಡು ಕುರ್ಚಿಯ ಮೇಲೆ ಕೂತಿದ್ದಾನೆ. ಇತಿಹಾಸದ ಅತಿಥಿ ಉಪನ್ಯಾಸಕನಿಗೆ ಈ ಹೊರೆ ಯಾಕೆ ಅಂತ ಹೆಂಡತಿ ಮಮತಾ ಫೋನಿನಲ್ಲಿ ರೇಗಿದಳು. ಅವಳೇನೋ ಹೊನ್ನಾಳಿಯಲ್ಲಿ ಖಾಯಂ ಮೇಡಂ, ರೇಗುತ್ತಾಳೆ. ನನ್ನ ನೇಮಕವನ್ನು ವರ್ಷ ವರ್ಷವೂ ನವೀಕರಿಸಬೇಕಾದ ನಿರ್ದೇಶಕ ಷಣ್ಮುಖಪ್ಪನವರೇ ಹೇಳಿದ ಮೇಲೆ ಆಗಲ್ಲ ಅನ್ನಲು ನನಗೇನು ಕೊಂಬು ಇದೆಯೇ?

ಅವರು ಎರಡು ಕೆಲಸ ಹಚ್ಚಿದ್ದಾರೆ. ಒಂದು, ಹಾಸ್ಟೆಲ್ಲಿನಲ್ಲಿ ಶಿಸ್ತು ತರುವುದು. ಇನ್ನೊಂದು, ವಿಶ್ವವಿದ್ಯಾಲಯದ ಈ ಸ್ನಾತಕೋತ್ತರ ಕೇಂದ್ರಕ್ಕೆ ನವೆಂಬರಿನಲ್ಲಿ ಐವತ್ತು ವರ್ಷ ತುಂಬುವುದರಿಂದ ಸ್ಮರಣ ಸಂಪುಟಕ್ಕೆ ಅದರ ಇತಿಹಾಸ ಬರೆಯುವುದು. ಎರಡನೆಯದನ್ನು ಅವರು ಕೇಳದಿದ್ದರೂ ನಾನು ಬರೆಯುತ್ತಿದ್ದೆ. ಈ ಕೇಂದ್ರ ಇಲ್ಲದಿದ್ದರೆ ನಾನು ಇವತ್ತೂ ಸವಳಂಗದಲ್ಲಿ ಯಾರದೋ ಹೊಲದಲ್ಲಿ ಮೆಕ್ಕೆಜೋಳ ಮುರಿಯುತ್ತಿದ್ದೆ.

ಬೆಳಿಗ್ಗೆ ಜಗಳೂರು ಕಡೆಯ ಓಬವ್ವ ಎನ್ನುವ ತಾಯಿ ಮಗ ಭೀಮೇಶನನ್ನು ಬಿಡಲು ಬಂದಿದ್ದರು. ಎಂ.ಎ. ಕೊನೆಯ ಸೆಮಿಸ್ಟರ್, ನನ್ನದೇ ತರಗತಿಯ ಹುಡುಗ. ಅಕ್ಷರ ಅಚ್ಚು ಹಾಕಿದಂತಿರುತ್ತದೆ.

"ಇವ್ನ ಸ್ಕಾಲರ್‌ಶಿಪ್ಪು ಈ ವರ್ಷಕ್ಕೆ ಮುಗೀತೈತಂತೆ ಸಾರ್. ಈ ಸಲ ಪಾಸಾಗ್ಲಿಲ್ಲ ಅಂದ್ರೆ ನನ್ ಜೊತೆ ಶೇಂಗಾ ಕೀಳಾಕೆ ಬರೋದೇ. ಮಾತು ಕೇಳ್ಲಿಲ್ಲ ಅಂದ್ರೆ ಹೊಡ್ದು ಬಡ್ದು ಓದ್ಸಿರಿ. ನಾವೇನೂ ಕೇಳಾಕೆ ಬರಂಗಿಲ್ಲ" ಅಂದರು. ಎಲ್ಲ ತಾಯಂದಿರೂ ಹೀಗೇ. ಮಗನನ್ನು ಬಿಟ್ಟು ಹೋಗುವಾಗ ಅವನ ಬೆನ್ನನ್ನೂ ಒಪ್ಪಿಸಿ ಹೋಗುತ್ತಾರೆ. ನಮ್ಮಮ್ಮನೂ ಹೀಗೇ ಅಂದಿದ್ದಳು, ಆಗಿನ ವಾರ್ಡನ್ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ.

"ನಾನು ಹೊಡೆಯುವ ವಾರ್ಡನ್ ಅಲ್ಲಮ್ಮ" ಅಂದೆ. ಆಕೆಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಇಲ್ಲಿ ಬರೆದಿಡುತ್ತೇನೆ: ನಾನು ಯಾವ ಹುಡುಗನ ಮೇಲೂ ಕೈ ಎತ್ತುವುದಿಲ್ಲ.

ಜುಲೈ 11, ಗುರುವಾರ

ಹಳೆಯ ಕಬ್ಬಿಣದ ಬೀರುವಿನಲ್ಲಿ ಹಾಸ್ಟೆಲ್ ರಿಜಿಸ್ಟರುಗಳು ಸಿಕ್ಕವು. 1985ರ ಪುಸ್ತಕದಲ್ಲಿ ಒಂದು ಸಾಲು: "ವಿದ್ಯಾರ್ಥಿ ಸಣ್ಣಪ್ಪ, ಜಾರಿ ಬಿದ್ದು ಬಲಗೈಗೆ ಪೆಟ್ಟು." ಕೆಳಗೆ ವಾರ್ಡನ್ನರ ಸಹಿ.

ಸಣ್ಣಪ್ಪ ಎಂದರೆ ನಮ್ಮ ಅಡುಗೆಯ ಸಣ್ಣಪ್ಪಣ್ಣನೇ. ಅವರ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಿದೆ, ಮುದ್ದೆ ತಿರುವುವುದೂ ಮೆನು ಬರೆಯುವುದೂ ಎಲ್ಲ ಎಡಗೈಯಲ್ಲೇ. ಇಷ್ಟು ವರ್ಷ ಅವರ ಕೈಯ ಅನ್ನ ತಿಂದೂ ನಾನು ಯಾಕೆ ಅಂತ ಕೇಳಿರಲಿಲ್ಲ. ನಾಚಿಕೆಯಾಯಿತು.

ಜುಲೈ 19, ಶುಕ್ರವಾರ

ಇವತ್ತು ಸಣ್ಣಪ್ಪಣ್ಣ ಬಾಯಿ ಬಿಟ್ಟರು. ಅಡುಗೆಮನೆಯ ಕಟ್ಟೆ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತ ಹೇಳಿದ್ದನ್ನು ಬರೆದುಕೊಂಡೆ.

ಕೇಂದ್ರ ಶುರುವಾದದ್ದು ಒಂದು ಗೋದಾಮಿನಲ್ಲಿ, ಹನ್ನೊಂದು ಜನ ವಿದ್ಯಾರ್ಥಿಗಳೊಂದಿಗೆ. ಹತ್ತು ವರ್ಷ ಕಳೆದರೂ ಹಾಸ್ಟೆಲ್ ಎಂದರೆ ಒಂದು ಬಾಡಿಗೆ ಮನೆ, ಇಪ್ಪತ್ತು ಜನಕ್ಕೆ ಮಾತ್ರ ಜಾಗ. ಜಗಳೂರು, ಹೊನ್ನಾಳಿ ಕಡೆಯಿಂದ ಬಂದ ನಮ್ಮ ಜಾತಿಯ ಹುಡುಗರಿಗೆ ಊರಲ್ಲಿ ಯಾರೂ ಕೋಣೆ ಕೊಡುತ್ತಿರಲಿಲ್ಲ. ಲೈಬ್ರರಿಯ ಜಗುಲಿಯಲ್ಲಿ ಮಲಗುತ್ತಿದ್ದರು. ಅರ್ಜಿ ಬರೆದು ಬರೆದು ಸಾಕಾಗಿ ಒಂದು ದಿನ ಪಾತ್ರೆ, ಸೌದೆ, ರಾಗಿಹಿಟ್ಟು ಹೊತ್ತುಕೊಂಡು ಹೋಗಿ ಆಡಳಿತ ಕಚೇರಿಯ ಮೆಟ್ಟಿಲ ಮೇಲೆ ಒಲೆ ಹೂಡಿದರು.

"ಮೂರು ದಿನ ಅಲ್ಲೇ ಮುದ್ದೆ ತಿರುವಿ ಅಲ್ಲೇ ಉಂಡ್ವಿ ಸಾರ್. ಹೊಗೆ ಎಲ್ಲಾ ಸಾಹೇಬ್ರ ಕೋಣೆಗೆ ಹೋಗ್ತಿತ್ತು. ಮೂರನೇ ದಿನ ವಾರ್ಡನ್ ಬಂದ. ನನ್ ಕೈಯಾಗಿದ್ದ ಮುದ್ದೆ ಕೋಲನ್ನೇ ಕಿತ್ಕಂಡ. ಕೈ ನೀಡು ಅಂದ, ನೀಡಿದೆ. ಮೇಷ್ಟ್ರು ನೋಡ್ರಿ, ನೀಡ್ಬೇಕು ಅನ್ಕಂಡಿದ್ದೆ."

"ಆಮೇಲೆ?"

"ಎಂಟು ದಿನಕ್ಕೆ ಪರೀಕ್ಷೆ. ಬರಿಯಾಕೆ ಆಗ್ಲಿಲ್ಲ. ಬಿ.ಎ.ಗೇ ನಿಂತೋಯ್ತು. ಮುಂದಿನ ವರ್ಷ ಈ ಕಟ್ಟಡಕ್ಕೆ ಪಾಯ ತೆಗೆದ್ರು."

ಮೈಯೆಲ್ಲ ಉರಿದುಹೋಯಿತು. ಹುಡುಗನ ಕೈ ಮುರಿದು "ಜಾರಿ ಬಿದ್ದು" ಅಂತ ಬರೆಯುವವನು ಎಂಥ ಮನುಷ್ಯನಿರಬೇಕು! ಹೊಟ್ಟೆಗೆ ಏನು ತಿನ್ನುತ್ತಿದ್ದ? ಸಂಪುಟದ ಲೇಖನದಲ್ಲಿ ಹಾಗೆಯೇ ಬರೆದಿದ್ದೇನೆ: "ವಾರ್ಡನ್ ಹೊಡೆದರು, ಅನಂತರ ಸುಳ್ಳು ಬರೆದರು. ಈ ಹಾಸ್ಟೆಲ್ ನಿಂತಿರುವುದು ಸಣ್ಣಪ್ಪನವರ ಮುರಿದ ಕೈಯ ಮೇಲೆ." ಇದನ್ನೇ ಇವತ್ತು ತರಗತಿಯಲ್ಲೂ ಹೇಳಿದೆ. ಭೀಮೇಶ ಒಂದು ಅಕ್ಷರ ಬಿಡದೆ ಬರೆದುಕೊಂಡ.

ಜುಲೈ 30, ಮಂಗಳವಾರ

ಮಧ್ಯಾಹ್ನ ಊಟದ ಸಾಲಿನಲ್ಲಿ ಹೊಡೆದಾಟ. ಯಾರು ಯಾರ ಮುಂದೆ ನುಗ್ಗಿದರು ಅನ್ನುವುದರಿಂದ ಶುರುವಾಗಿ ಜಾತಿಗೆ ಬಂತು, ಅಲ್ಲಿಂದ ತಟ್ಟೆಗಳಿಗೆ ಬಂತು. ಪ್ರದೀಪ್ ಎನ್ನುವ ಹುಡುಗನ ಹಣೆಗೆ ಯಾರೋ ಸ್ಟೀಲ್ ಚೊಂಬಿನಿಂದ ಹೊಡೆದು, ರಕ್ತ ಅವನ ಅನ್ನದ ಮೇಲೆಯೇ ಸುರಿಯಿತು. ಒಬ್ಬ ಬೆಂಚಿನ ಕೆಳಗೆ ಬಿದ್ದಿದ್ದ, ಇಬ್ಬರು ಅವನ ಪಕ್ಕೆಗೆ ಒದೆಯುತ್ತಿದ್ದರು. ನಾನು ಕೂಗಿದೆ, ಕೈ ಮುಗಿದೆ. ಒಬ್ಬನೂ ತಿರುಗಿ ನೋಡಲಿಲ್ಲ. ಒಬ್ಬ ನನ್ನನ್ನೇ ತಳ್ಳಿದ.

ಸಣ್ಣಪ್ಪಣ್ಣನ ಕೈಯಲ್ಲಿದ್ದ ಮುದ್ದೆ ಕೋಲು ಕಿತ್ತುಕೊಂಡು ಮೇಜಿಗೆ ಬಡಿದೆ. ಆಮೇಲೆ ಯಾರ ಬೆನ್ನಿಗೋ ತಗಲಿತು. ಇನ್ನೊಬ್ಬನ ತೊಡೆಗೂ ತಗಲಿತು. ಅಷ್ಟೇ, ಇಡೀ ಊಟದ ಮನೆ ತಣ್ಣಗಾಯಿತು. ಎಂಬತ್ತು ಹುಡುಗರು ನನ್ನ ಮುಖವನ್ನೇ ನೋಡುತ್ತ ನಿಂತರು. ಮೂರು ವಾರ ನಯವಾಗಿ ಮಾತಾಡಿ ಆಗದೇ ಇದ್ದದ್ದು ಎರಡು ನಿಮಿಷದಲ್ಲಿ ಆಯಿತು.

ಇದು ಹೊಡೆದದ್ದು ಅಲ್ಲ, ಬಿಡಿಸಿದ್ದು. ಪ್ರದೀಪನಿಗೆ ಏಳು ಹೊಲಿಗೆ.

ಆಗಸ್ಟ್ 2, ಶುಕ್ರವಾರ

ಹಾಸ್ಟೆಲ್ ಶಾಂತವಾಗಿದೆ. ಕೋಲು ನನ್ನ ಕೋಣೆಯಲ್ಲೇ ಉಳಿದುಬಿಟ್ಟಿದೆ.

ಆಗಸ್ಟ್ 14, ಬುಧವಾರ

ಸುದೀಪ್ ಎನ್ನುವವನು ಹಾಡಹಗಲೇ ಕುಡಿದು ಬಂದು ಕಾರಿಡಾರಿನಲ್ಲಿ ವಾಂತಿ ಮಾಡಿಕೊಂಡ. ಕೇಳಿದರೆ ನಗುತ್ತಾನೆ. ಬುದ್ಧಿ ಹೇಳಬೇಕಾಯಿತು. ಅಂಗಾಲಿಗೆ ನಾಲ್ಕು, ಬೆನ್ನಿಗೆ ಎರಡು. ಕೊನೆಗೆ ಕಾಲು ಹಿಡಿದುಕೊಂಡು ಅತ್ತ. ಇವಕ್ಕೆ ಸದರ ಕೊಟ್ಟರೆ ತಲೆ ಮೇಲೆ ಹತ್ತಿ ಕೂರುತ್ತವೆ.

ಷಣ್ಮುಖಪ್ಪನವರು ಕರೆದು ಟೀ ಕುಡಿಸಿದರು. "ಏನ್ರೀ ಕೆಂಚೇಶ್, ಹಾಸ್ಟೆಲ್ ಕಡೆಯಿಂದ ಒಂದು ಸದ್ದಿಲ್ಲ! ನೀವು ಇಂಥೋರು ಅಂತ ಗೊತ್ತೇ ಇರ್ಲಿಲ್ಲ." ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ ಅವರು ನನ್ನನ್ನು ಕೂರಲು ಹೇಳಿದ್ದು. ಖುಷಿಯಾಯಿತು, ಯಾಕೆ ಮುಚ್ಚಿಡಲಿ.

ಸಂಜೆ ಸಣ್ಣಪ್ಪಣ್ಣ ಬಂದು ಬಾಗಿಲಲ್ಲಿ ನಿಂತರು. "ಕೋಲು ಕೊಡ್ರಿ ಸಾರ್, ಸೌಟಿನಾಗೆ ತಿರುವಿದ್ರೆ ಮುದ್ದೆ ಗಂಟು ಗಂಟಾಗ್ತೈತೆ." ಬೇರೆಯದು ಮಾಡಿಸಿಕೊಳ್ಳಿ ಅಂದೆ. ಅವರು ಮೇಜಿನ ಮೇಲಿದ್ದ ಕೋಲನ್ನು ಒಂದು ಗಳಿಗೆ ನೋಡಿ ಹೋದರು.

ಆಗಸ್ಟ್ 25, ಭಾನುವಾರ

ಹೊನ್ನಾಳಿಯಲ್ಲಿದ್ದೇನೆ. ಮಗಳು ಅಂಬಿಕಾಳ ಬ್ಯಾಗು ಮೇಲಿನ ಗೂಡಿನಲ್ಲಿತ್ತು, ತೆಗೆದುಕೊಡಲು ಕೈ ಎತ್ತಿದೆ. ಅವಳು ಎರಡೂ ಕೈ ತಲೆ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಆರು ವರ್ಷದ ಮಗು, ನಾನು ಅವಳನ್ನು ಒಮ್ಮೆಯೂ ಮುಟ್ಟಿಲ್ಲ.

"ಹೋದ ವಾರ ನಿಮ್ಮ ಹಾಸ್ಟೆಲ್ ನೋಡಾಕೆ ಕರ್ಕೊಂಡು ಬಂದಿದ್ನಲ್ಲ, ಅವತ್ತು ಕಿಟಕೀಲಿ ಏನೋ ನೋಡಿದಾಳೆ ರೀ" ಅಂದಳು ಮಮತಾ. "ಏನ್ ನಡೀತೈತೆ ಅಲ್ಲಿ?"

ಟಿವಿ ನೋಡಿ ನೋಡಿ ಮಗು ಹೆದರಿದೆ. ಮೊದಲು ಟಿವಿ ಕಡಿಮೆ ಮಾಡಿಸಬೇಕು.

ಸೆಪ್ಟೆಂಬರ್ 12, ಗುರುವಾರ

ಷಣ್ಮುಖಪ್ಪನವರು ಒಂದು ಕಾಗದವನ್ನು ನನ್ನ ಮುಂದೆ ಎಸೆದರು. ಕುಲಪತಿಗಳಿಗೆ ಬರೆದ ಮನವಿ. ವಾರ್ಡನ್ ಹೊಡೆಯುತ್ತಾರೆ, ಬದಲಾಯಿಸಿ. ನಲವತ್ತಮೂರು ಸಹಿ. ಅಕ್ಷರ ಅಚ್ಚು ಹಾಕಿದಂತಿತ್ತು. ಹೆಸರು ನೋಡುವ ಅಗತ್ಯವೇ ಬೀಳಲಿಲ್ಲ.

"ಮೇಲಿನವರಿಗೆ ಹೋಗೋ ಮೊದ್ಲು ನನ್ನ ಕೈಗೆ ಸಿಕ್ಕಿದೆ" ಅಂದರು. "ನಿಮ್ಮ ನವೀಕರಣದ ಕಡತ ಈ ತಿಂಗಳು ಬರುತ್ತೆ. ಇದನ್ನ ನೀವೇ ಸರಿಮಾಡಿಕೊಳ್ಳಿ."

ಮನವಿಯ ಮೊದಲ ಸಾಲು ಹೀಗಿದೆ: "ನಮ್ಮ ಹಾಸ್ಟೆಲ್ ಹೋರಾಟದಿಂದ ಹುಟ್ಟಿದ್ದು." ನನ್ನದೇ ಪಾಠ, ನನ್ನದೇ ಮಾತು! ನಾನು ಕಲಿಸಿದ್ದನ್ನು ನನಗೇ ತಿರುಗಿಸಿದ್ದಾನೆ. ನಮ್ಮ ಹುಡುಗ ಅಂತ ಎಷ್ಟು ಅಕ್ಕರೆ ಮಾಡಿದ್ದೆ. ಯಾರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆ ಅನ್ನುವ ಪ್ರಜ್ಞೆ ಬೇಡವೇ? ನಾಳೆ ಕರೆಸುತ್ತೇನೆ.

ಸೆಪ್ಟೆಂಬರ್ 13, ಶುಕ್ರವಾರ

ಭೀಮೇಶ ಬಿದ್ದ.

ಕ್ಷಮೆ ಕೇಳು, ಮನವಿ ವಾಪಸು ಪಡೆದೆ ಅಂತ ಬರೆದುಕೊಡು ಅಂದೆ. "ಸುಳ್ಳು ಬರಿಯಾಕೆ ಆಗಲ್ಲ ಸಾರ್" ಅಂದ. ದನಿಯನ್ನೂ ಏರಿಸಲಿಲ್ಲ, ಅದೇ ತಲೆ ಕೆಡಿಸಿತು. ಬರೆದ ಕೈ ಯಾವುದು, ನೀಡು ಅಂದೆ. ನೀಡಿದ. ಅಂಗೈಗೆ ಮೂರು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಿದ್ದ. ನಾಲ್ಕನೆಯದು, ಐದನೆಯದು. ತುಟಿ ಕಚ್ಚಿ ತುಟಿಯಿಂದ ರಕ್ತ ಬಂದರೂ ಅಯ್ಯೋ ಅನ್ನಲಿಲ್ಲ. ಒಂದು ಸಲ ಅಯ್ಯೋ ಅಂದಿದ್ದರೆ ನಿಲ್ಲಿಸುತ್ತಿದ್ದೆ. ಆರನೆಯದು ಮಣಿಕಟ್ಟಿಗೆ ಬಿತ್ತು. ಒಣಗಿದ ತೊಗರಿ ಕಡ್ಡಿ ಮುರಿದ ಹಾಗೆ ಸದ್ದು. ಆಗ ಅವನು ಬಿದ್ದ. ಬಿದ್ದಾಗ ಕುರ್ಚಿಯ ಕಾಲಿಗೂ ಕೈ ತಗಲಿತು. ನಿಜವಾಗಿ ಮುರಿದದ್ದು ಅದರಿಂದಲೇ ಇರಬಹುದು.

ಚನ್ನಗಿರಿ ಆಸ್ಪತ್ರೆಗೆ ಕಳಿಸಿದೆ. ರಿಜಿಸ್ಟರಿನಲ್ಲಿ ಬರೆದೆ: "ವಿದ್ಯಾರ್ಥಿ ಭೀಮೇಶ, ಜಾರಿ ಬಿದ್ದು ಬಲಗೈಗೆ ಪೆಟ್ಟು."

ಊಟ ಸೇರಲಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಓಬವ್ವ ಜಗಳೂರಿನಿಂದ ಮೂರು ಬಸ್ಸು ಹತ್ತಿ ಬಂದಿದ್ದರು. ನಾನು ಎದೆ ಗಟ್ಟಿ ಮಾಡಿಕೊಂಡು ಕೂತಿದ್ದೆ. ಆಕೆ ಬಾಗಿಲಲ್ಲೇ ಕೈ ಮುಗಿದರು.

"ಇವ್ನು ಬಿದ್ದೆ ಅಂತಾನೆ ಸಾರ್. ನನಗೆ ಗೊತ್ತಾಗಲ್ವಾ. ಏನೋ ತಪ್ಪು ಮಾಡಿರ್ತಾನೆ, ಇಲ್ದಿದ್ರೆ ನೀವ್ಯಾಕೆ ಸುಮ್ಸುಮ್ನೆ ಹೊಡೀತೀರಿ. ನಾನೇ ಹೇಳಿದ್ನಲ್ಲ ಹೊಡೀರಿ ಅಂತ." ಸೆರಗಿನ ಗಂಟಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮೇಜಿನ ಮೇಲೆ ಕೋಲಿನ ಪಕ್ಕ ಇಟ್ಟರು. "ಹದಿನೈದು ದಿನಕ್ಕೆ ಪರೀಕ್ಷೆ ಐತಂತೆ. ಅದೊಂದು ಬರೆಯೋ ಹಂಗೆ ಮಾಡ್ರಿ ಸಾರ್. ಕಾಲಿಗೆ ಬೀಳ್ತೀನಿ."

ಬಿದ್ದೂಬಿಟ್ಟರು. ಎಬ್ಬಿಸಿದೆ. ತಾಯಿಯೇ ಒಪ್ಪಿದ ಮೇಲೆ ಬೇರೆಯವರದೇನು ಮಾತು? ಮನಸ್ಸು ಹಗುರವಾಯಿತು. ರೊಟ್ಟಿ ಮಾತ್ರ ತಿನ್ನಲಾಗಲಿಲ್ಲ, ಬಹಳ ಗಟ್ಟಿಯಿತ್ತು.

ಸೆಪ್ಟೆಂಬರ್ 23, ಸೋಮವಾರ

ಕೈಗೆ ಪೆಟ್ಟಾದವರ ಪರವಾಗಿ ಬೇರೆಯವರು ಪರೀಕ್ಷೆ ಬರೆಯಬಹುದು. ಅಭ್ಯರ್ಥಿ ಹೇಳುತ್ತ ಹೋಗಬೇಕು, ಅವರು ಬರೆಯುತ್ತ ಹೋಗಬೇಕು. ಬರೆಯುವವರು ಎಂ.ಎ. ಮಾಡಿರಬಾರದು. ಭೀಮೇಶ ಯಾರನ್ನು ಕರೆದುಕೊಂಡು ಬಂದ ಅಂದರೆ ಸಣ್ಣಪ್ಪನನ್ನು! ಅರವತ್ತೆರಡು ವರ್ಷ, ಸೊಟ್ಟ ಕೈ. ನಗು ಬಂತು.

"ಎಡಗೈ ಐತಲ್ಲ ಸಾರ್" ಅಂದ ಸಣ್ಣಪ್ಪ. "ನಲವತ್ತು ವರ್ಷದಿಂದ ಅದ್ರಾಗೇ ಬರೀತಿದೀನಿ. ಈ ಫಾರಮ್ಮಿನಾಗೆ ಗಾಯಕ್ಕೆ ಕಾರಣ ಅಂತ ಒಂದು ಖಾನೆ ಐತೆ. ಅದನ್ನ ವಾರ್ಡನ್ ತುಂಬಬೇಕಂತೆ."

ಖಾನೆ ತುಂಬಿ ಸಹಿ ಮಾಡಿ ಕೊಟ್ಟೆ. ಸಣ್ಣಪ್ಪ ಅದನ್ನು ಬಹಳ ಹೊತ್ತು ಓದಿದ. ಇರುವುದು ಮೂರು ಪದ: ಜಾರಿ ಬಿದ್ದು ಪೆಟ್ಟು. ಆಮೇಲೆ ಭೀಮೇಶನ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟುಹೋದ. ಇತ್ತೀಚೆಗೆ ಇವನಿಗೂ ಸೊಕ್ಕು ಬಂದಿದೆ.

ಸೆಪ್ಟೆಂಬರ್ 30, ಸೋಮವಾರ

ಮೊದಲ ಪತ್ರಿಕೆ. ಅವರಿಬ್ಬರಿಗೆ ಪ್ರತ್ಯೇಕ ಕೋಣೆ, ಮೇಲ್ವಿಚಾರಣೆ ನನಗೇ ಬಿತ್ತು. ಮೂರನೇ ಪ್ರಶ್ನೆ: ಗ್ರಾಮೀಣ ಸಮಾಜದ ಬದಲಾವಣೆಯಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಗಳ ಪಾತ್ರ. ಭೀಮೇಶ ಕಣ್ಣು ಮುಚ್ಚಿಕೊಂಡು ಸಣ್ಣ ದನಿಯಲ್ಲಿ ಹೇಳುತ್ತಿದ್ದ. ಗೋದಾಮು, ಲೈಬ್ರರಿ ಜಗುಲಿ, ಮೆಟ್ಟಿಲ ಮೇಲಿನ ಒಲೆ. ಎಡಗೈ ಓಡುತ್ತಿತ್ತು. ಒಂದು ಕಡೆ ಪೆನ್ನು ನಿಂತಿತು.

"ಬರೀರಿ ತಾತ. ಸಣ್ಣಪ್ಪ ಎಂಬ ವಿದ್ಯಾರ್ಥಿ ಅಂತ ಬರೀರಿ."

ಸಣ್ಣಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಬರೆದ. ನನ್ನ ವಿಷಯ ಬರುತ್ತದೇನೋ ಅಂತ ಕಿವಿಗೊಟ್ಟು ಕಾದೆ. ಬರಲೇ ಇಲ್ಲ. ಯಾಕೋ ಅದರಿಂದ ಸಮಾಧಾನವೂ ಆಗಲಿಲ್ಲ.

ಅಕ್ಟೋಬರ್ 8, ಮಂಗಳವಾರ

ಸಂಪುಟದ ಕರಡಚ್ಚು ಬಂತು. ನನ್ನ ಲೇಖನ ನಾನೇ ಓದಿದೆ. "ವಾರ್ಡನ್ ಹೊಡೆದರು, ಅನಂತರ ಸುಳ್ಳು ಬರೆದರು" ಅನ್ನುವ ಸಾಲು ವಿಪರೀತ ಖಾರವಾಗಿದೆ ಅನ್ನಿಸಿತು. ಆ ಮನುಷ್ಯನ ಕಷ್ಟ ಏನಿತ್ತೋ ಯಾರಿಗೆ ಗೊತ್ತು? ಒಬ್ಬನೇ ಅಷ್ಟು ಹುಡುಗರನ್ನು ಸಂಭಾಳಿಸಬೇಕು, ಮೇಲಿನಿಂದ ಒತ್ತಡ. ಹಬ್ಬದ ಸಂಪುಟದಲ್ಲಿ ಕಹಿ ಯಾಕೆ ಅಂತ ತಿದ್ದಿದೆ: "ಗದ್ದಲದಲ್ಲಿ ಸಣ್ಣಪ್ಪನವರು ಬಿದ್ದು ಕೈಗೆ ಪೆಟ್ಟಾಯಿತು."

ಸಣ್ಣಪ್ಪನಿಗೆ ತೋರಿಸಿದೆ, ಅವನ ಫೋಟೋ ಬೇರೆ ಹಾಕುತ್ತಿದ್ದೇವಲ್ಲ. ಓದಿ ಕಾಗದ ಮೇಜಿನ ಮೇಲಿಟ್ಟ.

"ನನ್ ಹೆಸರು ತೆಗೀರಿ ಸಾರ್."

"ಯಾಕೆ?"

"ಹೊಡೆಸ್ಕಂಡೋನು ಅಂತ ಇದ್ರೆ ಇರ್ಲಿ. ಬಿದ್ದೋನ ಹೆಸರು ಪುಸ್ತಕದಾಗೆ ಯಾಕೆ? ದಿನಾ ಎಷ್ಟು ಜನ ಬೀಳ್ತಾರೆ."

ತಲೆಗೆ ರಕ್ತ ನುಗ್ಗಿತು. ಮುದ್ದೆ ತಿರುವುವವನಿಂದ ನಾನು ಇತಿಹಾಸ ಕಲಿಯಬೇಕೇ? ಕೈಗೆ ಕೋಲು ಯಾವಾಗ ಬಂತೋ ತಿಳಿಯದು, ಆಗಲೇ ಮೇಲೆತ್ತಿದ್ದೆ. ಅವನು ಹಿಂದೆ ಸರಿಯಲಿಲ್ಲ. ಸೊಟ್ಟಗಿನ ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಎಡಗೈಯನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟ. ಬೆರಳಿಗೆ ಪೆನ್ನಿನ ಶಾಯಿ ಮೆತ್ತಿಕೊಂಡಿತ್ತು.

"ಇದೊಂದು ಉಳಿದೈತೆ ಸಾರ್. ನಾಳೆ ಆ ಹುಡುಗನ ಕೊನೇ ಪೇಪರು. ಅದು ಮುಗೀಲಿ, ಆಮ್ಯಾಲೆ ಹೊಡೀರಿ."

ಎಷ್ಟು ಹೊತ್ತು ಕೋಲು ಮೇಲಿತ್ತೋ. ಅವರು ಹೋದ ಮೇಲೂ ನಾನು ನಿಂತೇ ಇದ್ದೆ.

ಅಕ್ಟೋಬರ್ 9, ಬುಧವಾರ

ಪರೀಕ್ಷೆ ಮುಗಿಯಿತು. ಕೊನೆಯ ಹಾಳೆಯವರೆಗೂ ಬರೆದರು.

ಮಧ್ಯಾಹ್ನ 1985ರ ರಿಜಿಸ್ಟರನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ತೆರೆದಿಟ್ಟೆ. ಎರಡೂ ಒಂದೇ ಸಾಲು. ಹೆಸರು ಬಿಟ್ಟರೆ ಒಂದು ಪದವೂ ಬೇರೆಯಿಲ್ಲ. ನಾನು ನೋಡಿ ಬರೆದದ್ದಲ್ಲ, ತಾನಾಗಿ ಬಂದದ್ದು.

ಈ ವರ್ಷದ ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆದೆ: "ಭೀಮೇಶ ಬೀಳಲಿಲ್ಲ. ವಾರ್ಡನ್ ಆದ ನಾನು, ಕೆಂಚೇಶ, ಅವನ ಬಲಗೈಗೆ ಆರು ಏಟು ಹೊಡೆದೆ." ಸಹಿ ಹಾಕಿದೆ. ಕರಡಚ್ಚಿನಲ್ಲಿ ಹಳೆಯ ಸಾಲನ್ನೇ ಮತ್ತೆ ಕೂರಿಸಿದೆ. ರಿಜಿಸ್ಟರಿನ ಪ್ರತಿಯನ್ನೂ, ಬಚ್ಚಿಟ್ಟಿದ್ದ ಆ ಮನವಿಯನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕುಲಪತಿಗಳ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬಂದೆ. ಮಮತಾಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅಂಬಿಕಾಗೆ ನೀವೇ ಬಂದು ಹೇಳ್ರಿ" ಅಂದಳು.

ಊಟದ ಹೊತ್ತಿಗೆ ಕೋಲು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಕಾರಿಡಾರಿನ ಹುಡುಗರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಭೀಮೇಶ ಕಟ್ಟೆಯ ಮೇಲೆ ಕೂತಿದ್ದ, ನನ್ನನ್ನು ನೋಡಿ ಬ್ಯಾಂಡೇಜಿನ ಕೈಯನ್ನು ಎದೆಗೆ ಅವುಚಿಕೊಂಡ. ತಪ್ಪಾಯಿತು ಅಂದೆ. ಅವನು ಒಲೆಯ ಕಡೆ ತಿರುಗಿದ. ಉತ್ತರ ಕೊಡಬೇಕಾದ ಹಂಗು ಅವನಿಗಿಲ್ಲ.

ಕೋಲನ್ನು ಸಣ್ಣಪ್ಪಣ್ಣನಿಗೆ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ತೊಳೆಯುತ್ತಾರೆ ಅಂದುಕೊಂಡೆ.

"ಇದ್ರಾಗೆ ತಿರುವಿದ ಮುದ್ದೆ ಹುಡುಗ್ರು ಹೆಂಗೆ ಉಣ್ತಾರೆ ಸಾರ್" ಅಂದು ಒಲೆಯೊಳಗೆ ತಳ್ಳಿದರು. ವರ್ಷಗಟ್ಟಲೆ ಹಿಟ್ಟು ಕುಡಿದ ಕೋಲು, ಹೊತ್ತಿಕೊಳ್ಳಲು ತಡವಾಯಿತು.

ನಾನೂ ಒಂದು ತಟ್ಟೆ ತೆಗೆದುಕೊಂಡು ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಮುಂದಿದ್ದ ಹುಡುಗ ಹಿಂದೆ ತಿರುಗಿ ನೋಡಿ ಎರಡು ಹೆಜ್ಜೆ ದೂರ ಸರಿದು ನಿಂತುಕೊಂಡ.